ಗೊತ್ತಿಲ್ಲ ಎನ್ನುವುದರ ಬೆಲೆ

ಅವರು ತೀರಿಕೊಂಡ ಸುದ್ದಿಯನ್ನು ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಯಾರೂ ಹಾಕಲಿಲ್ಲ. ಯಾರದೋ ಅತ್ತೆಯ ತಂಗಿ ದಾವಣಗೆರೆಯಲ್ಲಿ ಹೋದರೂ ಕೈಮುಗಿದ ಚಿತ್ರಗಳು ಸಾಲುಗಟ್ಟುವ ಗುಂಪು ಅದು. ಆ ದಿನ ಅಲ್ಲಿ ಮಾವಿನ ಹಣ್ಣಿನ ಬಾಕ್ಸು ಯಾವ ಗ್ರೋಸರಿ ಅಂಗಡಿಗೆ ಬಂದಿದೆ ಎಂಬ ಮಾತು ನಡೆದಿತ್ತು. ನನಗೆ ವಿಷಯ ತಿಳಿದದ್ದು ಅವರ ಹೆಂಡತಿಯ ಫೋನಿನಿಂದ. "ಇವರು ಹೋದ್ರವಾ" ಎಂದರು. ಹಿಂದೆಯೇ, "ಆಕೀಗೂ ಒಂದು ಮಾತು ತಿಳಿಸಬೇಕಿತ್ತು. ನೀ ಹೇಳ್ತೀಯೇನು?" ಎಂದು ಕೇಳಿದರು. ಹೇಳುತ್ತೇನೆ ಎಂದೆ.

ಆಕೆ ಎಂದರೆ ಡಯಾನ್. ಆಕೆ ಯಾರೆಂದು ತಿಳಿಯಬೇಕಾದರೆ ಅವರು ಮಾಡುತ್ತಿದ್ದ ಕೆಲಸವನ್ನು ಮೊದಲು ಹೇಳಬೇಕು.

ಸ್ಯಾನ್ ಹೋಸೆಯ ಹಳೆಯ ಕಾರ್ಖಾನೆಗಳ ನಡುವೆ, ರೈಲು ಹಳಿಗೆ ಬೆನ್ನು ಕೊಟ್ಟು ನಿಂತ ಒಂದು ಉದ್ದನೆಯ ಶೆಡ್ಡಿನಲ್ಲಿ ನಮ್ಮ ಕಂಪನಿ ಇತ್ತು. ಯುದ್ಧವಿಮಾನದ ಪೈಲಟ್ಟುಗಳ ಮುಖವಾಡಕ್ಕೆ ಆಮ್ಲಜನಕ ಬಿಡುವ ವಾಲ್ವು ನಮ್ಮ ಮುಖ್ಯ ಸಾಮಾನು. ಅಂಗೈಯಲ್ಲಿ ಹಿಡಿಯುವಷ್ಟು ವಸ್ತು. ಅದನ್ನು ಮಾಡುವವರು ನಾವೊಬ್ಬರೇ, ಕೊಳ್ಳುವವರೂ ಒಬ್ಬರೇ, ಸರ್ಕಾರ. ನಾಲ್ಕು ಅಂಗಡಿ ಸುತ್ತಿ ರೇಟು ವಿಚಾರಿಸಿ ಬರುವಂತಿಲ್ಲ. ಹಾಗಿರುವಾಗ ಬೆಲೆ ನಿಲ್ಲುವುದು ಒಂದೇ ಒಂದರ ಮೇಲೆ: ಮಾಡಲು ಎಷ್ಟು ಖರ್ಚಾಗುತ್ತದೆ ಎಂದು ನಾವು ಮುಂದಾಗಿ ಹೇಳುತ್ತೇವೆ, ಅದನ್ನು ಅವರು ನಂಬಬೇಕು, ಅದರ ಮೇಲೆ ಇಷ್ಟು ಲಾಭವೆಂದು ಇಬ್ಬರೂ ಒಪ್ಪಬೇಕು. ಆ ಖರ್ಚನ್ನು ಅಂದಾಜು ಮಾಡಿ ಸರ್ಕಾರದ ಅಧಿಕಾರಿಯ ಎದುರು ಕೂತು ಒಪ್ಪಿಸುವುದು ಅವರ ಕೆಲಸ. ಎದುರು ಕೂರುವ ಅಧಿಕಾರಿ ಡಯಾನ್.

ನನಗೆ ಗ್ರೀನ್ ಕಾರ್ಡು ಬಂದು, ಮಗಳು ಡೇಕೇರ್‌ಗೆ ಹೋಗತೊಡಗಿದ ವರ್ಷ ನಾನು ಅವರ ಕೈಕೆಳಗೆ ಕೆಲಸ ಕೇಳಿಕೊಂಡು ಹೋದೆ. ಮೈಸೂರಿನಲ್ಲಿ ಕಾಮರ್ಸು ಓದಿ ಆಡಿಟರ ಆಫೀಸಿನಲ್ಲಿ ಸ್ವಲ್ಪ ಕಾಲ ಕೂತಿದ್ದು ಬಿಟ್ಟರೆ ನನಗೆ ಬೇರೆ ಅನುಭವವಿರಲಿಲ್ಲ. ಇಂಗ್ಲಿಷಿನಲ್ಲಿ ಎರಡು ಮಾತಾಡಿದವರು ನನ್ನ ಹೆಸರನ್ನು ಇನ್ನೊಮ್ಮೆ ನೋಡಿ, "ಕನ್ನಡ ಬರ್ತದೇನು?" ಎಂದು ಕೇಳಿದರು. ಧಾರವಾಡದ ಮಾತು. ಬರುತ್ತದೆ ಎಂದೆ. ಮೇಜಿನ ಮೇಲೆ ಒಂದು ವಾಲ್ವು ಇಟ್ಟು, "ಇದಕ್ಕ ಎಷ್ಟು ರೇಟ್ ಹಚ್ಚಬಹುದು?" ಎಂದರು.

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅಂದ್ಮ್ಯಾಲೆ ಏನು ಮಾಡ್ತಿ?"

"ಇದನ್ನ ಮಾಡೋರನ್ನ ಹೋಗಿ ಕೇಳ್ತೀನಿ."

"ಸೋಮವಾರ ಬಾ ತಂಗಿ" ಎಂದರು. ಅವತ್ತಿನಿಂದ ಆಫೀಸಿನಲ್ಲಿ ಬೇರೆಯವರಿಲ್ಲದಾಗ ನಾನು ಅವರಿಗೆ ತಂಗಿ.

ಗಿಡ್ಡ ಆಳು. ಎಂಥ ಸೆಕೆಯಿದ್ದರೂ ತುಂಬು ತೋಳಿನ ಅಂಗಿ, ಮುಂಗೈಯ ಗುಂಡಿ ಹಾಕಿಕೊಂಡೇ ಇರುತ್ತಿದ್ದರು. ಯಾವುದಾದರೂ ಬೆಲೆ ಹೇಳುವ ಮುಂಚೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತುವುದು ಅಭ್ಯಾಸ. ಅದು ಮುಗಿದ ಮೇಲೆಯೇ ಬಾಯಿ ತೆರೆಯುವುದು. ಮನೆ ಕ್ಯಾಂಪ್‌ಬೆಲ್‌ನಲ್ಲಿ. ಫ್ರೀವೇ ಹತ್ತಿದರೆ ಬೇಗ ತಲುಪಬಹುದಾಗಿದ್ದರೂ ಊರೊಳಗಿನ ರಸ್ತೆಗಳಲ್ಲಿ ಸಿಗ್ನಲ್ ಸಿಗ್ನಲ್‌ಗೆ ನಿಂತು ಬರುತ್ತಿದ್ದರು. ಯಾಕೆ ಸರ್ ಎಂದರೆ, "ಫ್ರೀವೇದಾಗ ಒಂದಿನ ಲಗೂನ ಮುಟ್ಟತೀವಿ, ಒಂದಿನ ಅಲ್ಲೇ ಕೂಡತೀವಿ. ಈ ರಸ್ತಾ ತಡಾ ಆಗ್ತದ, ಆದ್ರ ಎಷ್ಟು ತಡಾ ಅಂತ ನನಗ ಗೊತ್ತದ" ಎನ್ನುತ್ತಿದ್ದರು. ಮಧ್ಯಾಹ್ನ ಫಾಯಿಲಿನಲ್ಲಿ ಸುತ್ತಿದ ರೊಟ್ಟಿ, ಶೇಂಗಾ ಚಟ್ನಿ. ಆಫೀಸಿನವರ ಜೊತೆ ಕೂತು ತಿಂದದ್ದನ್ನು ನಾನು ನೋಡಿಲ್ಲ. ಕೆಳಗೆ ವಾಲ್ವು ತಯಾರಾಗುವ ಶಾಪ್ ಫ್ಲೋರಿನ ಬ್ರೇಕ್ ರೂಮಿಗೆ ಹೋಗಿ ಅಲ್ಲಿನವರ ನಡುವೆ ಕೂರುತ್ತಿದ್ದರು.

ಅಲ್ಲಿನ ಮುಖ್ಯಸ್ಥ ಟಾನ್. ವಿಯೆಟ್ನಾಮಿನಿಂದ ಪ್ರಾಯದಲ್ಲಿ ಬಂದವನು, ಫರ್ನೇಸು ನೋಡಿಕೊಳ್ಳುತ್ತಿದ್ದ. ವಾಲ್ವಿನ ಎರಡು ಭಾಗಗಳನ್ನು ಫರ್ನೇಸಿನಲ್ಲಿಟ್ಟು ಬೆಸೆಯಬೇಕು. ಎಲ್ಲವೂ ಬೆಸೆದುಕೊಳ್ಳುವುದಿಲ್ಲ. ಕೆಲವು ಕಣ್ಣಿಗೆ ಕಾಣದ ಹಾಗೆ ಬಿರುಕು ಬಿಡುತ್ತವೆ, ಅವನ್ನು ಬಿಸಾಡಬೇಕು. ಒಂದು ತಿಂಗಳು ಹೆಚ್ಚು ಹಾಳಾದರೆ ಇನ್ನೊಂದು ತಿಂಗಳು ಕಡಿಮೆ. ಯಾಕೆಂದು ಟಾನ್‌ಗೂ ಪೂರ್ತಿ ಗೊತ್ತಿರಲಿಲ್ಲ. ಹೀಗೆ ಹಾಳಾಗುವುದನ್ನು ಮುಂದಾಗಿ ಊಹಿಸುವುದರಲ್ಲೇ ಇಡೀ ಬೆಲೆ ಇದ್ದದ್ದು. ಅವರು ವಾರಕ್ಕೊಮ್ಮೆಯಾದರೂ ಕೆಳಗಿಳಿದು ಸ್ಕ್ರ್ಯಾಪು ಡಬ್ಬದೊಳಗೆ ಬಗ್ಗಿ ನೋಡುತ್ತಿದ್ದರು. "ಈ ವಾರ ಹೇಗಿದೆ, ಟಾನ್?" ಟಾನ್ ಕೈ ಒರೆಸಿಕೊಳ್ಳುತ್ತ ಹೇಳುತ್ತಿದ್ದ. ಅವರು ಏನನ್ನೂ ಬರೆದುಕೊಳ್ಳದೆ ತಲೆಯಾಡಿಸಿ ಮೇಲೆ ಬರುತ್ತಿದ್ದರು.

"ಗೊತ್ತಿಲ್ಲ ಅನ್ನೋದಕ್ಕೂ ಒಂದು ರೇಟ್ ಅದ ತಂಗಿ" ಎಂದು ಅವರು ನನಗೆ ಕಲಿಸಿದರು. ಎಷ್ಟು ಹಾಳಾಗುತ್ತದೋ ತಿಳಿಯದಿದ್ದಾಗ ಸ್ವಲ್ಪ ಮೇಲೆ ಹಿಡಿದುಕೊಳ್ಳಬೇಕು. ಇಲ್ಲದಿದ್ದರೆ ಕಂಪನಿ ಮುಳುಗುತ್ತದೆ. ತೀರಾ ಮೇಲೆ ಹಿಡಿದರೆ ಜನರ ತೆರಿಗೆ ಹಣ ತಿಂದ ಹಾಗೆ. ಆ ಸ್ವಲ್ಪ ಎಷ್ಟು ಎಂಬುದನ್ನು ಯಾವ ಲೆಕ್ಕವೂ ಹೇಳುವುದಿಲ್ಲ. ಅದನ್ನು ಡಯಾನ್ ಮತ್ತು ಅವರು ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡಿ ತೀರ್ಮಾನಿಸುತ್ತಿದ್ದರು.

ಡಯಾನ್ ಎತ್ತರದ, ಅಗಲ ಭುಜದ ಹೆಂಗಸು. ತಂದೆ ಹಡಗುಕಟ್ಟೆಯಲ್ಲಿ ಮೆಷಿನಿಸ್ಟ್ ಆಗಿದ್ದರಂತೆ, ಲೋಹದ ವಿಷಯದಲ್ಲಿ ಆಕೆಗೆ ಸುಳ್ಳು ಹೇಳಿ ಪಾರಾಗುವಂತಿರಲಿಲ್ಲ. ಇಬ್ಬರೂ ಮೀಟಿಂಗಿಗೆ ಮೊದಲು ಕ್ಯಾಂಪ್‌ಬೆಲ್‌ನ ಒಂದು ಕೆಫೆಯಲ್ಲಿ ಕೂರುತ್ತಿದ್ದರು. ಅವರವರ ಕಾಫಿಗೆ ಅವರವರೇ ದುಡ್ಡು ಕೊಡುವುದು. ಅಧಿಕಾರಿ ಕಂಪನಿಯವರಿಂದ ಒಂದು ಬಿಸ್ಕತ್ತನ್ನೂ ಮುಟ್ಟಬಾರದು. ಇಪ್ಪತ್ತು ವರ್ಷದ ಪರಿಚಯ, ಒಬ್ಬರ ಮನೆಯನ್ನು ಇನ್ನೊಬ್ಬರು ನೋಡಿರಲಿಲ್ಲ. ಆದರೆ ಧಾರವಾಡದಲ್ಲಿ ಇವರ ತಾಯಿ ತೀರಿಕೊಂಡ ವಾರ, ಇವರು ಬಾಯಿಬಿಟ್ಟು ಕೇಳದಿದ್ದರೂ ಡಯಾನ್ ತನ್ನ ಕಡೆಯಿಂದಲೇ ಏನೋ ಕಾರಣ ಹೇಳಿ ಮೀಟಿಂಗನ್ನು ಮುಂದಕ್ಕೆ ಹಾಕಿದರು. ಅದನ್ನು ಇವರು ನನಗೆ ಎರಡು ಮೂರು ಸಲ ಹೇಳಿದ್ದರು. ಹೇಳಿದಾಗಲೆಲ್ಲ ಮೊದಲ ಸಲ ಹೇಳುವವರ ಹಾಗೆ ಹೇಳುತ್ತಿದ್ದರು.

ನಾನು ಸೇರಿದ ಹೊಸದರಲ್ಲಿ ಒಂದು ಆರ್ಡರಿನಲ್ಲಿ ನಾವು ಅಂದಾಜಿಸಿದ್ದಕ್ಕಿಂತ ಕಡಿಮೆ ವಾಲ್ವುಗಳು ಹಾಳಾದವು. ಒಳ್ಳೆಯ ಲಾಭ ಬಂತು. ಬೆಲೆ ಒಪ್ಪಿಯಾಗಿತ್ತು, ಕಾಯಿದೆಯ ಪ್ರಕಾರ ಆ ಹಣ ನಮ್ಮದೇ. ಅವರು ಡಯಾನ್‌ಗೆ ಫೋನ್ ಮಾಡಿ, ಈ ಸಲ ನನ್ನ ಊಹೆ ಜಾಸ್ತಿಯಾಗಿತ್ತು, ಮುಂದಿನ ಸಲ ಇಳಿಸುತ್ತೇನೆ ಎಂದು ಹೇಳಿಬಿಟ್ಟರು. ಕಂಪನಿ ಕಟ್ಟಿದ ಮುದುಕ ಮಾಲೀಕ ಆಗ ಬದುಕಿದ್ದ. "ನೀನು ಯಾರ ಕಡೆಯವನು?" ಎಂದು ಕೇಳಿದ. "ಮುಂದಿನ ಆರ್ಡರಿನ ಕಡೆಯವನು" ಎಂದರು ಇವರು. ಮುದುಕ ಗೊಣಗುತ್ತ ಹೋದ. ಇನ್ನೊಂದು ವರ್ಷ ತಿರುಗಾಮುರುಗಾ ಆಯಿತು. ಹಾಳಾದದ್ದೇ ಹೆಚ್ಚಾಗಿ ಕಂಪನಿಗೆ ಕೈಯಿಂದ ಹಣ ಹೋಯಿತು. ಆಗ ಡಯಾನ್ ಏನೂ ಮಾಡುವಂತಿರಲಿಲ್ಲ. ಆದರೆ ಅದರ ಮುಂದಿನ ಸಲ ಇವರು ಮೇಜಿನ ಮೇಲೆ ಅಂಗೈ ಒತ್ತಿ ಹೇಳಿದ ಬೆಲೆಯನ್ನು ಚರ್ಚೆಯಿಲ್ಲದೆ ಒಪ್ಪಿದರು.

ಒಮ್ಮೆ ಡಯಾನ್ ಮೊಣಕಾಲಿನ ಆಪರೇಷನ್‌ಗೆಂದು ರಜೆ ಹಾಕಿದಾಗ ಬೇರೊಬ್ಬ ಅಧಿಕಾರಿ ಬಂದ. ಅದೇ ವಾಲ್ವು, ಅದೇ ಫರ್ನೇಸು. ಇವರು ಬೆಲೆ ಏರಿಸಿದರು. ನನಗೆ ಆಶ್ಚರ್ಯವಾಯಿತು. ಹೊಸಬ, ತಿಳಿಯದವನು ಎಂದು ಹೀಗೆ ಮಾಡಿದರೇ ಎಂಬ ಅನುಮಾನವೂ ಬಂತು. ಕೇಳಿಯೇಬಿಟ್ಟೆ.

"ಆ ಮನಷಾ ನಡುವ ಮನಸ್ಸು ಬದಲಿಸಿದ್ರ? ಬಿಲ್ ಆರು ತಿಂಗಳ ತಡದ್ರ? ನಷ್ಟ ಆದ ವರ್ಷ ನೆನಪಿಟ್ಟು ಮುಂದ ಸರಿ ಮಾಡ್ತಾನೇನು? ನನಗ ಅಂವಾ ಗೊತ್ತಿಲ್ಲ. ಅದಕ್ಕೂ ರೇಟ್ ಹಚ್ಚಬೇಕಾಗ್ತದ" ಎಂದರು. "ಡಯಾನ್‌ಗೆ ಕಡಿಮಿ ಹೇಳ್ತೀವಲ್ಲ, ಅದು ಸಲಿಗಿಗೆ ಅಲ್ಲ. ಆಕಿ ಏನು ಮಾಡ್ತಾಳ ಅನ್ನೋದು ಗೊತ್ತಿರ್ತದ, ಅದಕ್ಕ."

ಮುದುಕ ಮಾಲೀಕ ಸತ್ತ ಮೇಲೆ ಅವನ ಮಕ್ಕಳು ಕಂಪನಿಯನ್ನು ಮಾರಿದರು. ಕೊಂಡವರು ಇಂಥ ಸಣ್ಣ ಕಂಪನಿಗಳನ್ನು ಕೊಂಡು, ಕೊಬ್ಬಿಸಿ, ಮತ್ತೊಬ್ಬರಿಗೆ ಮಾರುವ ಹಣವಂತರು. ಅವರು ಕಳಿಸಿದ ಜನರಲ್ ಮ್ಯಾನೇಜರ್ ನನಗಿಂತ ಚಿಕ್ಕವನು. ಕೆಟ್ಟವನೆಂದು ಹೇಳಲಾರೆ. ಫ್ಲೋರಿನಲ್ಲಿ ಎಲ್ಲರ ಹೆಸರನ್ನೂ ನೆನಪಿಟ್ಟುಕೊಂಡಿದ್ದ. ಬಂದ ಮೊದಲ ತಿಂಗಳಲ್ಲೇ ಹೊಸ ಫರ್ನೇಸು ತರಿಸಿದ. ಎರಡನೆಯ ತಿಂಗಳಲ್ಲಿ, ಮುಂದಿನ ದೊಡ್ಡ ಆರ್ಡರಿನಲ್ಲಿ ಒಳ್ಳೆಯ ಲಾಭ ಬರದಿದ್ದರೆ ಮಾಲೀಕರು ಈ ಶೆಡ್ಡನ್ನು ಮುಚ್ಚಿ ಬೇರೆ ರಾಜ್ಯಕ್ಕೆ ಕೆಲಸ ಸಾಗಿಸುತ್ತಾರೆ ಎಂದು ನಮಗೆ ತಿಳಿಸಿದ.

ಆ ಆರ್ಡರಿನ ಬೆಲೆಯ ಬಗ್ಗೆ ನಡೆದ ಮೀಟಿಂಗಿನಲ್ಲಿ ನಾನಿದ್ದೆ. ಇವರು, "ಹೊಸ ಫರ್ನೇಸಿನಲ್ಲಿ ಎಷ್ಟು ಹಾಳಾಗುತ್ತಿದೆ ಎಂದು ನೋಡಿ ಅಂದಾಜು ಹಾಕಬೇಕು" ಎಂದರು.

"ಅದಿನ್ನೂ ಟ್ರಯಲ್" ಎಂದ ಜನರಲ್ ಮ್ಯಾನೇಜರ್. "ಅದನ್ನು ನೀವು ನೋಡಬೇಕಾಗಿಲ್ಲ. ಹಳೆಯ ಅನುಭವದ ಮೇಲೆ ಅಂದಾಜು ಮಾಡಿ. ಡಯಾನ್ ನಿಮ್ಮ ಮಾತನ್ನು ಪ್ರಶ್ನಿಸುವುದಿಲ್ಲ. ಇಷ್ಟು ವರ್ಷದ ವಿಶ್ವಾಸ ಅಂದರೆ ಸಣ್ಣ ಆಸ್ತಿಯಲ್ಲ."

ಅವರು ತಮ್ಮ ಹಾಳೆಗಳನ್ನು ಜೋಡಿಸಿಕೊಂಡು ಎದ್ದರು. ಹೊರಗೆ ಬಂದಾಗ ಮುಂಗೈಯ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡರು.

ಅಂದಿನಿಂದ ಅವರು ಫ್ಲೋರಿಗೆ ಇಳಿಯಲಿಲ್ಲ. ರೊಟ್ಟಿಯನ್ನು ತಮ್ಮ ಕೋಣೆಯಲ್ಲೇ ತಿನ್ನತೊಡಗಿದರು. ಕೆಲಸ ಜಾಸ್ತಿ ಇರಬೇಕೆಂದುಕೊಂಡೆ. ಬೆಲೆ ಒಪ್ಪುವ ದಿನ ಶುಕ್ರವಾರವೆಂದು ನಿಗದಿಯಾಗಿತ್ತು. ಇಂಥ ಆರ್ಡರಿನಲ್ಲಿ ಬೆಲೆ ಒಪ್ಪಿದ ಮೇಲೆ, ಈ ದಿನದವರೆಗೆ ಕಂಪನಿಗೆ ತಿಳಿದಿರುವ ಖರ್ಚಿನ ವಿವರವನ್ನೆಲ್ಲ ಸರ್ಕಾರಕ್ಕೆ ತಿಳಿಸಿದ್ದೇವೆ ಎಂದು ಸಹಿ ಹಾಕಬೇಕು. ಆ ಸಹಿ ಯಾವಾಗಲೂ ಅವರದೇ. ಅದೇ ವಾರ, ನಾನು ಅವರ ಕೋಣೆಯಲ್ಲಿ ಕೂತು ಹಾಳೆಗಳನ್ನು ಜೋಡಿಸುತ್ತಿದ್ದಾಗ ಟಾನ್ ಬಾಗಿಲಲ್ಲಿ ಬಂದು ನಿಂತ. ಅವನು ಮೆಟ್ಟಿಲು ಹತ್ತಿ ಬರುವವನೇ ಅಲ್ಲ. ಮುಖದಲ್ಲಿ ನಗು ತುಂಬಿತ್ತು.

"ಒಂದು ನಿಮಿಷ ಇದೆಯಾ?" ಎಂದ. "ಹೊಸ ಫರ್ನೇಸು."

ಅವರು ತಲೆ ಎತ್ತಲಿಲ್ಲ. "ಶುಕ್ರವಾರ ಆಗಲಿ ಟಾನ್. ಆಮೇಲೆ ಮಾತಾಡೋಣ."

"ಒಳ್ಳೆಯ ಸುದ್ದಿ."

"ಶುಕ್ರವಾರದ ಮೇಲೆ."

ಟಾನ್ ನನ್ನ ಮುಖ ನೋಡಿದ. ನನಗೇನೂ ತಿಳಿಯದು. ಅವನು ಇಳಿದುಹೋದ. ಮೆಟ್ಟಿಲಿನ ಮೇಲೆ ಅವನ ಬೂಟಿನ ಸದ್ದು ನಿಲ್ಲುವವರೆಗೂ ಅವರು ಅದೇ ಹಾಳೆಯನ್ನು ನೋಡುತ್ತ ಕೂತಿದ್ದರು.

ಶುಕ್ರವಾರ ಡಯಾನ್ ಬಂದರು. ಹಳೆಯ ಲೆಕ್ಕದ ಮೇಲೆ ಮಾಡಿದ ಅಂದಾಜನ್ನು ನೋಡಿದರು. ಹೊಸ ಫರ್ನೇಸು ಬಂದಿದೆಯಂತಲ್ಲ, ಅದರಿಂದ ಏನಾದರೂ ಬದಲಾಗುತ್ತದೆಯೇ ಎಂದು ಕೇಳಿದರು. ಇವರು ಮೇಜಿನ ಮೇಲೆ ಅಂಗೈ ಒತ್ತಿ, "ಗೊತ್ತಿಲ್ಲ, ಡಯಾನ್" ಎಂದರು. ಆಕೆ ಸರಿ ಎಂದರು. ಸಹಿಯಾಯಿತು.

ಮುಂದಿನ ವರ್ಷ ಸರ್ಕಾರದ ಲೆಕ್ಕ ತಪಾಸಣೆಯವರು ಬಂದರು. ಹೊಸ ಫರ್ನೇಸಿನಲ್ಲಿ ವಾಲ್ವುಗಳು ಹಾಳಾಗುವುದೇ ಹೆಚ್ಚುಕಡಿಮೆ ನಿಂತುಹೋಗಿತ್ತು. ಅದು ಸಹಿಗೆ ಮೊದಲೇ ಟಾನ್‌ಗೂ ಜನರಲ್ ಮ್ಯಾನೇಜರಿಗೂ ಗೊತ್ತಿತ್ತು. ಸರ್ಕಾರ ಕೊಟ್ಟ ಬೆಲೆಯ ದೊಡ್ಡ ಪಾಲು, ಆಗದ ನಷ್ಟಕ್ಕೆ ಕೊಟ್ಟದ್ದು. ಕಂಪನಿಯ ಮೇಲೆ ವಿಚಾರಣೆ ಶುರುವಾಯಿತು. ಆದರೆ ಮೊದಲು ಬಿದ್ದದ್ದು ಡಯಾನ್ ಮೇಲೆ. ಗೊತ್ತಿಲ್ಲ ಎಂದರೆ ಅಷ್ಟಕ್ಕೇ ಬಿಟ್ಟು, ಹೊಸ ಫರ್ನೇಸಿನ ಲೆಕ್ಕವನ್ನು ಯಾಕೆ ಕೇಳಿ ತರಿಸಿಕೊಳ್ಳಲಿಲ್ಲ? ಇಪ್ಪತ್ತು ವರ್ಷ ಒಬ್ಬನೇ ಮನುಷ್ಯನ ಜೊತೆ ಕೆಫೆಯಲ್ಲಿ ಕೂತು ಏನು ಮಾತಾಡುತ್ತಿದ್ದಿರಿ? ಆಕೆಯ ಬ್ಯಾಂಕಿನ ಖಾತೆಗಳನ್ನು ಜಾಲಾಡಿದರು. ಗಂಡನಿಲ್ಲದ ಹೆಂಗಸು. ಇನ್ನೂ ಏನೇನೋ ಕೇಳಿದರೆಂದು ನನಗೆ ಆಮೇಲೆ ತಿಳಿಯಿತು.

ಒಂದು ಬೆಳಿಗ್ಗೆ ಡಯಾನ್ ಇವರನ್ನು ಕೆಫೆಗೆ ಕರೆದರು. ಕಂಪನಿಯ ವಕೀಲರು ಹೋಗಬೇಡಿ ಎಂದಿದ್ದರೂ ಇವರು ಹೋದರು. ಆಕೆ ಕಾಫಿ ತೆಗೆದುಕೊಂಡಿರಲಿಲ್ಲ. ನಿಂತೇ ಕೇಳಿದರಂತೆ, "ನಿಮಗೆ ಗೊತ್ತಿತ್ತಾ?" ಇವರು, "ಇಲ್ಲ" ಎಂದರು. ಅಷ್ಟೇ. ಆಕೆ ತಲೆಯಾಡಿಸಿ ಹೊರಟರು. ಆ ಮಾತನ್ನು ನಂಬಿ, ತನ್ನ ವಿಚಾರಣೆಯಲ್ಲಿ, ಬೆಲೆ ಹೇಳಿದವರಿಗೆ ವಿಷಯ ಗೊತ್ತಿರಲಿಲ್ಲ, ಗೊತ್ತಿದ್ದರೆ ಖಂಡಿತ ಹೇಳುತ್ತಿದ್ದರು, ಹಾಗಾಗಿ ತಾನು ಆ ಲೆಕ್ಕ ಕೇಳಿದ್ದರೂ ಉತ್ತರ ಅದೇ ಇರುತ್ತಿತ್ತು ಎಂದು ಹೇಳಿಕೆ ಕೊಟ್ಟರು.

ಆ ದಿನಗಳಲ್ಲಿ ನಾನು ಭಾನುವಾರ ಸಂಜೆ ಅವರ ಜೊತೆ ಕ್ಯಾಂಪ್‌ಬೆಲ್‌ನ ಹಳ್ಳದ ಪಕ್ಕದ ಕಾಲುದಾರಿಯಲ್ಲಿ ನಡೆಯುತ್ತಿದ್ದೆ. ನಡೆಯಲು ಅವರಿಗೆ ಏದುಸಿರು. ಹೃದಯ ದುರ್ಬಲವಾಗಿದೆಯೆಂದು ಡಾಕ್ಟರು ಅಷ್ಟರಲ್ಲೇ ಹೇಳಿದ್ದರು. ಒಂದು ಬೆಂಚಿನ ಮೇಲೆ ಕೂತು ಅವರು ಇದ್ದಕ್ಕಿದ್ದಂತೆ ಹೇಳಿದರು:

"ಗೊತ್ತಿಲ್ಲ ಅನ್ನೋದ್ರಾಗ ಎರಡು ನಮೂನಿ ಅವ ತಂಗಿ. ಒಂದು, ಯಾರಿಗೂ ಗೊತ್ತಿರಂಗಿಲ್ಲ. ಅದಕ್ಕ ರೇಟ್ ಹಚ್ಚಿದ್ರ ತಪ್ಪಿಲ್ಲ. ಇನ್ನೊಂದು, ಒಬ್ಬಾಂವಗ ಗೊತ್ತಿರ್ತದ, ಅಂವಾ ಹೇಳಾಕ ಬಾಗಲಾಗ ಬಂದು ನಿಂತಿರ್ತಾನ, ನೀ ಕೇಳೂದಿಲ್ಲ."

"ನಿಮ್ಗೆ ನಿಜವಾಗ್ಲೂ ಗೊತ್ತಿರ್ಲಿಲ್ವಲ್ಲ ಸರ್" ಎಂದೆ.

"ಟಾನ್ ಮೆಟ್ಟಲಾ ಹತ್ತಿ ಬಂದ. ನಗಾಕತ್ತಿದ್ದ. ಒಳ್ಳೆ ಸುದ್ದಿ ಅಂದ. ಇನ್ನೇನು ಗೊತ್ತಾಗಬೇಕು?" ಮತ್ತೆ ಅವರೇ ಹೇಳಿದರು, "ಶೆಡ್ ಉಳೀತದ ಅಂತ ಮಾಡಿದೆ. ಅಲ್ಲಿ ಮಂದಿ ಇದ್ರು, ಟಾನ್ ಇದ್ದ, ನೀ ಇದ್ದಿ. ಆದ್ರ ಅದೂ ಪೂರಾ ಖರೇ ಅಲ್ಲ. ನನಗ ದಣಿವಾಗಿತ್ತು. ಕೇಳಿದ್ರ ಜಗಳ ಆಗ್ತಿತ್ತು. ಕೇಳಲಿಲ್ಲ."

ಅವರ ವಿಚಾರಣೆಯ ದಿನ ಬಂತು. ಕಂಪನಿಯ ವಕೀಲರು ಎರಡು ದಿನ ಕೂರಿಸಿಕೊಂಡು ಅಭ್ಯಾಸ ಮಾಡಿಸಿದ್ದರು. ಕೇಳಿದ್ದಕ್ಕೆ ಮಾತ್ರ ಉತ್ತರ. ನಿಮಗೆ ಗೊತ್ತಿತ್ತೇ ಎಂದರೆ ಇಲ್ಲ ಎನ್ನಿ, ಅದು ಸತ್ಯವೂ ಹೌದು, ಅಲ್ಲಿಗೆ ನಿಲ್ಲಿಸಿ. ಒಳಗೆ ಹೋದವರು ಇಲ್ಲ ಎಂದರು. ನಿಲ್ಲಿಸಲಿಲ್ಲ. "ಆದರೆ ಅದನ್ನು ನನಗೆ ಹೇಳಲು ಒಬ್ಬರು ಬಂದಿದ್ದರು. ಆಮೇಲೆ ಬಾ ಎಂದು ಕಳಿಸಿದೆ. ಯಾಕೆ ಬಂದಿದ್ದಾರೆಂದು ನನಗೆ ಅರ್ಥವಾಗಿತ್ತು" ಎಂದರು. ಪಕ್ಕದಲ್ಲಿದ್ದ ವಕೀಲ ಪೆನ್ನು ಕೆಳಗಿಟ್ಟನಂತೆ.

ಅದನ್ನು ಅವರು ಡಯಾನ್‌ಗಾಗಿ ಹೇಳಿದರು. ಮೋಸ ನಮ್ಮ ಕಡೆಯದು ಎಂದು ಸ್ಪಷ್ಟವಾದರೆ ಆಕೆ ಬಿಡುಗಡೆಯಾಗುತ್ತಾರೆ ಎಂದು ನಂಬಿದ್ದರು. ಆದದ್ದು ಬೇರೆ. ಲಂಚದ ಅನುಮಾನ ಹೋಯಿತು, ನಿಜ. ಆದರೆ ಆಕೆಯ ಹೇಳಿಕೆ ನಿಂತದ್ದೇ ಇವರಿಗೆ ಗೊತ್ತಿರಲಿಲ್ಲ ಎಂಬುದರ ಮೇಲೆ. ಅದು ಕುಸಿಯಿತು. ಕೇಳಿದ್ದರೆ ಸಿಗುತ್ತಿದ್ದ ಲೆಕ್ಕವನ್ನು ಕೇಳಿ ತರಿಸಿಕೊಳ್ಳದೆ, ಸ್ನೇಹದ ಮೇಲೆ ಸಹಿ ಹಾಕಿದ ಅಧಿಕಾರಿ ಎಂದು ತೀರ್ಮಾನವಾಯಿತು. ಆಕೆ ರಾಜೀನಾಮೆ ಕೊಟ್ಟರು. ಇವರು ಫೋನ್ ಮಾಡಿದರೆ ಎತ್ತಲಿಲ್ಲ, ಮೆಸೇಜಿಗೆ ಉತ್ತರವಿಲ್ಲ. ಕಂಪನಿ ದಂಡ ಕಟ್ಟಿತು. ಹಣವಂತರು ಶೆಡ್ಡನ್ನು ಮುಚ್ಚಿದರು. ಜನರಲ್ ಮ್ಯಾನೇಜರ್ ಅಷ್ಟರಲ್ಲಿ ಇನ್ನೊಂದು ಕಂಪನಿಗೆ ಹೋಗಿಯಾಗಿತ್ತು.

ಫ್ಲೋರಿನವರೆಲ್ಲ ಬೀದಿಗೆ ಬಿದ್ದರು. ಅದರಲ್ಲಿ ನಮ್ಮ ಕನ್ನಡದ ಎರಡು ಮನೆಯವರೂ ಇದ್ದರು. ಒಬ್ಬರು ಮನೆ ಮಾರಿ ಟೆಕ್ಸಾಸಿಗೆ ಹೋದರು. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಇವರು ಹೆಂಡತಿಯ ಜೊತೆ ಬಂದು ಕೂತಾಗ ಆ ಸಾಲಿನ ಉಳಿದ ಕುರ್ಚಿಗಳು ಖಾಲಿಯೇ ಉಳಿದವು. ಊಟದ ಸಾಲಿನಲ್ಲಿ ನನ್ನ ಹಿಂದಿದ್ದ ಹೆಂಗಸು ಅವರಿಗೂ ಕೇಳಿಸುವಂತೆ, "ಯಾಕೆ ಬೇಕಿತ್ತು ಇವ್ರಿಗೆ? ಕೇಳಿದ್ದಕ್ಕೆ ಆನ್ಸರ್ ಮಾಡಿ ಬಂದಿದ್ರೆ ಸಾಕಿತ್ತು. ಅಷ್ಟು ಜನರ ಕೆಲ್ಸ ಉಳೀತಿತ್ತು" ಎಂದಳು. ಅವರು ಕಾಗದದ ತಟ್ಟೆಯಲ್ಲಿದ್ದ ಬಿಸಿಬೇಳೆಬಾತನ್ನು ಪೂರ್ತಿ ತಿಂದು, ತಟ್ಟೆಯನ್ನು ಕಸದ ಬುಟ್ಟಿಗೆ ಹಾಕಿ ಬಂದು, "ನಡಿ ಹೋಗೂಣು" ಎಂದು ಹೆಂಡತಿಯನ್ನು ಎಬ್ಬಿಸಿದರು. ಆಮೇಲೆ ಕೂಟದ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ಅವರ ಮಗಳು ಮೆನ್ಲೋ ಪಾರ್ಕಿನ ದೊಡ್ಡ ಟೆಕ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅಪ್ಪನ ಮೇಲೆ ಪ್ರಾಣ. ಒಮ್ಮೆ ನಾನಿದ್ದಾಗಲೇ, "ಡ್ಯಾಡ್, ನೋಬಡಿ ಆಸ್ಕ್ಡ್ ಯು ದ್ಯಾಟ್" ಎಂದಳು. ಅವಳ ಕಣ್ಣು ತುಂಬಿತ್ತು. ಅವರು ಕನ್ನಡದಲ್ಲಿ, "ಹೌದವಾ, ಯಾರೂ ಕೇಳಿರಲಿಲ್ಲ" ಎಂದರು. ಅವಳಿಗೆ ಮಾತು ತಿಳಿಯಿತು. ಆದರೆ ಅವರು ಹೇಳಿದ ರೀತಿ ಅವಳಿಗೆ ಅರ್ಥವಾಯಿತೋ ಇಲ್ಲವೋ.

ಕೊನೆಯ ಚಳಿಗಾಲ ಅವರು ಹೆಚ್ಚಾಗಿ ಆಸ್ಪತ್ರೆಯಲ್ಲೇ ಕಳೆದರು. ನನಗೆ ಅಷ್ಟರಲ್ಲಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಯೋಟೆಕ್ ಲ್ಯಾಬಿನಲ್ಲಿ ಖರೀದಿ ವಿಭಾಗದ ಕೆಲಸ ಸಿಕ್ಕಿತ್ತು. ಮನೆಗೆ ಬರುವಾಗ ದಾರಿಯಲ್ಲಿ ಅವರನ್ನು ನೋಡಿಕೊಂಡು ಬರುತ್ತಿದ್ದೆ. ಒಂದು ದಿನ ಹುಡುಗ ವಯಸ್ಸಿನ ಡಾಕ್ಟರು ಬಂದು ಹಾಸಿಗೆಯ ಪಕ್ಕ ನಿಂತರು. ಇವರು ತಮಗೆ ಇನ್ನೆಷ್ಟು ಕಾಲ ಎಂದು ಕೇಳಿದರು. ಡಾಕ್ಟರು ಗೊತ್ತಿಲ್ಲ ಎಂದರು. ಇವರು ಡಾಕ್ಟರ ಮುಖವನ್ನೇ ನೋಡುತ್ತ ಮೆಲ್ಲಗೆ, "ನಿಜವಾಗಿಯೂ ಗೊತ್ತಿಲ್ಲವೇ, ಹೇಳಲು ಇಷ್ಟವಿಲ್ಲವೇ?" ಎಂದರು. ಡಾಕ್ಟರು ಕುರ್ಚಿ ಎಳೆದು ಕೂತರು. ಬೇಸಿಗೆ ನೋಡುವುದು ಕಷ್ಟ ಎಂದರು. "ಥ್ಯಾಂಕ್ ಯೂ" ಎಂದರು ಇವರು.

ಆಗಾಗ ಕೇಳುತ್ತಿದ್ದುದು ಒಂದೇ. "ಆಕಿ ಏನರೆ ಫೋನ್ ಮಾಡಿದ್ಲೇನು?" ಹೆಂಡತಿ ಇಲ್ಲ ಎನ್ನುತ್ತಿದ್ದರು.

ಅವರು ಹೋದ ಮಾರನೆಯ ದಿನ ನಾನು ಡಯಾನ್‌ರನ್ನು ಹುಡುಕಿಕೊಂಡು ಹೋದೆ. ಫೋನ್ ಎತ್ತುವುದಿಲ್ಲವೆಂದು ಗೊತ್ತಿತ್ತು. ಹಾಫ್ ಮೂನ್ ಬೇ ಕಡೆ ಒಂದು ಗಿಡಗಳ ನರ್ಸರಿಯಲ್ಲಿ ಕೆಲಸ ಮಾಡುತ್ತಾರೆಂದು ಟಾನ್ ಹೇಳಿದ್ದ. ಸಮುದ್ರದ ಕಡೆಯಿಂದ ಮಂಜು ಕವಿದಿತ್ತು. ಆಕೆ ಕುಂಡಗಳಿಗೆ ಮಣ್ಣು ತುಂಬುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದೊಡನೆ ಗುರುತು ಹಿಡಿದರು. ವಿಷಯ ಹೇಳಿದೆ. ಶನಿವಾರ ಹೇವರ್ಡ್‌ನಲ್ಲಿ ಅಂತ್ಯಕ್ರಿಯೆ, ಅವರ ಹೆಂಡತಿ ನಿಮಗೆ ತಿಳಿಸಲು ಹೇಳಿದರು ಎಂದೆ.

ಆಕೆ ಗ್ಲೌಸು ತೆಗೆಯಲಿಲ್ಲ. "ಅವರು ಸುಳ್ಳು ಹೇಳಿದ್ದರೆ ನಾನು ಹಿಡಿಯುತ್ತಿದ್ದೆ" ಎಂದರು. "ಜನರ ಸುಳ್ಳು ಹಿಡಿಯುವುದೇ ನನ್ನ ಕೆಲಸವಾಗಿತ್ತು. ಅವರು ಗೊತ್ತಿಲ್ಲ ಎಂದರು. ಅವರು ಹಾಗೆಂದರೆ ಮುಂದೆ ಕೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಇಪ್ಪತ್ತು ವರ್ಷ."

"ಕೊನೆಯವರೆಗೂ ನಿಮ್ಮನ್ನೇ ಕೇಳುತ್ತಿದ್ದರು" ಎಂದೆ.

"ಇರಬಹುದು" ಎಂದರು. ಕುಂಡವೊಂದನ್ನು ಎತ್ತಿ ಸಾಲಿನಲ್ಲಿಟ್ಟರು. "ನಾನು ಬರುವುದಿಲ್ಲ. ಅವರ ಹೆಂಡತಿಗೆ, ನಾನು ಸಿಗಲಿಲ್ಲ ಎಂದು ಹೇಳು. ಆಕೆಗೆ ಅದು ಸುಲಭ."

ನಾನು ಹಾಗೆ ಹೇಳಲಿಲ್ಲ. ಸಿಕ್ಕರು, ಬರುವುದಿಲ್ಲ ಎಂದರು ಎಂದೇ ಹೇಳಿದೆ. ಅವರ ಹೆಂಡತಿ, "ಇನ್ನೂ ಸಿಟ್ಟಿನ್ಯಾಗ ಅದಾಳೇನು?" ಎಂದರು. ಹೌದು ಎಂದೆ. "ಇರಲಿ. ಇರಬೇಕಾದ್ದ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಶನಿವಾರ ಹೇವರ್ಡ್‌ನ ಅಂತ್ಯಕ್ರಿಯೆಯ ಹಾಲ್‌ನಲ್ಲಿ ಹತ್ತು ಹದಿನೈದು ಜನವಿದ್ದೆವು. ಹೆಂಡತಿ, ಮಗಳು, ಮಗಳ ಆಫೀಸಿನ ಕೆಲವರು, ಮನೆಯ ಅಕ್ಕಪಕ್ಕದವರು. ಕೂಟದಿಂದ ಒಬ್ಬರೂ ಇಲ್ಲ. ಪುರೋಹಿತರು ತಮ್ಮ ಕೆಲಸ ಮುಗಿಸಿದ ಮೇಲೆ ಅಲ್ಲಿನ ವ್ಯವಸ್ಥೆಯವರು, ಯಾರಾದರೂ ಎರಡು ಮಾತಾಡುವುದಿದ್ದರೆ ಆಡಬಹುದು ಎಂದರು. ಮಗಳು ತಲೆ ಅಲ್ಲಾಡಿಸಿದಳು, ಅವಳಿಂದ ಆಗುವಂತಿರಲಿಲ್ಲ. ನಾನು ಏಳಬೇಕೆಂದುಕೊಳ್ಳುವಷ್ಟರಲ್ಲಿ ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ಟಾನ್ ಮುಂದೆ ಬಂದ. ಶೆಡ್ಡು ಮುಚ್ಚಿದ ಮೇಲೆ ಅವನಿಗೆ ಸರಿಯಾದ ಕೆಲಸ ಸಿಕ್ಕಿರಲಿಲ್ಲ. ಯಾವುದೋ ಗೋಡೌನಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ. ಅವನಿಗೆ ಇವರ ಮೇಲೆ ಸಿಟ್ಟಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಹೆಣದ ಪೆಟ್ಟಿಗೆಯ ಕಡೆ ತಿರುಗಿ, ನಮಗೆ ಅರ್ಧ ಬೆನ್ನು ಹಾಕಿ, ತನ್ನ ತುಂಡು ಇಂಗ್ಲಿಷಿನ ತಗ್ಗಿದ ದನಿಯಲ್ಲಿ ಹೇಳಿದ: "ಇವರು ವಾರವಾರವೂ ಬಂದು ನನ್ನನ್ನು ಕೇಳುತ್ತಿದ್ದರು. ಒಂದು ಸಲ ಕೇಳಲಿಲ್ಲ. ಆ ದಿನ ನಾನು ಬಾಗಿಲಲ್ಲಿ ಮೆತ್ತಗೆ ಹೇಳಿ ಹೋಗಿಬಿಟ್ಟೆ. ಜೋರಾಗಿ ಹೇಳಬೇಕಾಗಿತ್ತು."

ಅವನು ತನ್ನ ಜಾಗಕ್ಕೆ ಹಿಂತಿರುಗಲಿಲ್ಲ. ಅಲ್ಲೇ ನಿಂತ.

ಅವರ ಹೆಂಡತಿಗೆ ಅವನ ಇಂಗ್ಲಿಷು ತಿಳಿದಿರಲಿಲ್ಲ. ನನ್ನ ತೋಳು ಹಿಡಿದು, "ಏನಂದಾ ಅಂವಾ?" ಎಂದು ಕೇಳಿದರು.

"ಆವತ್ತು ಸರ್ ಹತ್ರ ಜೋರಾಗಿ ಹೇಳ್ಬೇಕಿತ್ತು ಅಂತಿದಾರೆ. ತನ್ನದೇ ತಪ್ಪು ಅನ್ನೋ ಥರ ಮಾತಾಡ್ತಿದಾರೆ."

ಅವರು ಟಾನ್‌ನ ಬೆನ್ನನ್ನು ನೋಡಿದರು. ಆಮೇಲೆ ಎದ್ದು, ನನ್ನ ತೋಳು ಬಿಡದೆ, ನನ್ನನ್ನೂ ಎಬ್ಬಿಸಿಕೊಂಡು ಅವನ ಹತ್ತಿರ ನಡೆದರು.

"ಇವರಿಗೆ ಕೇಳಿಸಿತ್ತು ಅಂತ ಹೇಳು ಅವಗ" ಎಂದರು.